ಘರಘಂಟಿಗೆ ಬೆಳ್ಳುಳ್ಳಿ ನಾತ

ನಾನು ಸಂಶಯದ ಹೆಂಗಸು. ಕಾಯಿಪಲ್ಲೆ ಮಾರುವವಳ ತಕ್ಕಡಿಯ ಕೆಳಗೂ ಒಮ್ಮೆ ಕೈಯಾಡಿಸಿ ನೋಡುವವಳು. ಅಂಥವಳು ಹಳೆಯ ಸಾಮಾನನ್ನು ಮೊಬೈಲಿನಲ್ಲಿ ಮಾರಲು ಕೂತಾಗ ನಮ್ಮ ಅತ್ತೆ ನಕ್ಕರು. "ನೀ ಮಾರಾಕ ಕುಂತರ ಕೊಳ್ಳಾಕ ಬಂದವರು ಹೆದರಿ ಓಡಿ ಹೋಗ್ತಾರ" ಅಂದರು.

ಮಾರಬೇಕಾಗಿದ್ದದ್ದು ಸಾಂಗಲಿಯ ನಮ್ಮ ಮನೆಯ ಘರಘಂಟಿ. ಮನೆಯಲ್ಲೇ ಜೋಳ, ಗೋಧಿ ಬೀಸುವ ಯಂತ್ರ; ಸೊಂಟದೆತ್ತರ ಇತ್ತು, ಅರ್ಧ ಅಡುಗೆಮನೆ ಅದಕ್ಕೇ ಹೋಗಿತ್ತು. "ಬರೀ ಕಾಳು ಬೀಸಿದ್ದು. ಒಂದು ದಿನವೂ ಮಸಾಲೆ ಹಾಕಿಲ್ಲ. ವಾಪಸು ತೆಗೆದುಕೊಳ್ಳುವುದಿಲ್ಲ" ಎಂದು ಮರಾಠಿಯಲ್ಲಿ ಬರೆದು ಫೋಟೋ ಹಾಕಿದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ವರ್ಷದ ಖಾರವನ್ನು ನಾವು ಪೇಟೆಯ ಡಂಕಿನಲ್ಲಿ, ಅಂದರೆ ಖಾರ ಕುಟ್ಟುವ ಯಂತ್ರದ ಅಂಗಡಿಯಲ್ಲಿ, ಮಾಡಿಸುತ್ತೇವೆ. ಅದನ್ನು ಘರಘಂಟಿಗೆ ಹಾಕಿದರೆ ಆಮೇಲೆ ತಿಂಗಳುಗಟ್ಟಲೆ ರೊಟ್ಟಿಗೂ ಅದೇ ನಾತ.

ಮಿರಜಿನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಮರಾಠಿಯಲ್ಲಿ ಶುರುವಾದ ಚೌಕಾಶಿ, ನಡುವೆ ನಾನು ಅತ್ತೆಗೆ ಏನೋ ಕೂಗಿ ಹೇಳಿದ್ದು ಕೇಳಿ ಕನ್ನಡಕ್ಕೆ ಹೊರಳಿತು. "ಅಯ್ಯ, ನಮ್ಮ ಮಂದೀನ ಅದೀರಲ್ರಿ! ನಾವು ಜೈನರು, ನಿಮ್ಮ ಮಾತಿನ ಮ್ಯಾಲೆ ಒಯ್ತೀವಿ ನೋಡ್ರಿ" ಅಂದರು. ಬೇರೆಯವರಾಗಿದ್ದರೆ ಕರಗುತ್ತಿದ್ದರು. ನಾನು ಇನ್ನಷ್ಟು ಹುಷಾರಾದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಯಂತ್ರಕ್ಕೆ ಜೋಳ ಹಾಕಿ, ಓಡಿಸಿ, ವಿಡಿಯೋ ಮಾಡಿಟ್ಟುಕೊಂಡೆ. ಮೋಟಾರು ಬದಲಿಸಿ ಗೋಳು ಹೊಯ್ದುಕೊಂಡಾರೆಂದು ಅದರ ಅಡಿಗೆ ಉಗುರಿನ ಬಣ್ಣದ ಒಂದು ಚುಕ್ಕೆಯನ್ನೂ ಇಟ್ಟೆ. ಮರುದಿನ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಅವರ ಟೆಂಪೊ ಬಂತು. ಅತ್ತೆಯೇ ನಿಂತು ಹೇರಿಸಿ ಕಳಿಸಿದರು.

ವಾರವೂ ಆಗಲಿಲ್ಲ, ಫೋನು. "ಬೀಸಾಕ ಹತ್ತಿದ್ರ ಬೆಳ್ಳುಳ್ಳಿ ನಾತ ಬರ್ತೈತ್ರಿ. ವಾಪಸ್ ಒಯ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಬೇಕಾದಷ್ಟು ಹಿಟ್ಟು ಬೀಸಿಕೊಂಡು ಈಗ ನೆಪ ತೆಗೆಯುತ್ತಿದ್ದಾರೆ. ಇಲ್ಲವೇ ಮೋಟಾರು ಸುಟ್ಟಿದ್ದಾರೆ. ಇಲ್ಲವೇ ಬೇರೆಲ್ಲೋ ಕಡಿಮೆಗೆ ಸಿಕ್ಕಿರಬೇಕು. "ನಾನ ಬಂದು ನೋಡ್ತೀನಿ" ಎಂದು ಗುಡುಗಿ, ರವಿವಾರ ಮಿರಜಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಆ ವಿಡಿಯೋವನ್ನೇ ತಿರುತಿರುಗಿ ನೋಡಿಕೊಂಡೆ.

"ಬರ್ರಿ, ಕುಂದ್ರಿ" ಅಂದರು. ಅರವತ್ತರ ಆಸುಪಾಸಿನ, ದನಿ ಏರಿಸದ ಹೆಂಗಸು. ಅಂಥವರನ್ನು ಕಂಡರೆ ನನಗೆ ಇನ್ನೂ ಸಂಶಯ. ನೀರು ಕುಡಿಯದೆ ನೇರ ಯಂತ್ರದ ಬಳಿ ಹೋಗಿ, ಬಗ್ಗಿ, ಟಾರ್ಚು ಬಿಟ್ಟು ನೋಡಿದೆ. ನನ್ನ ಚುಕ್ಕೆ ಇಟ್ಟಲ್ಲೇ ಇತ್ತು. ನಿಜ ಹೇಳಬೇಕೆಂದರೆ ನಿರಾಸೆಯಾಯಿತು. ಗುಂಡಿ ಒತ್ತಿದೆ. ಯಂತ್ರ ಬಿಸಿಯಾದದ್ದೇ ತಡ, ಗಪ್ಪನೆ ಬೆಳ್ಳುಳ್ಳಿಯ ನಾತ. ಅಯ್ಯೋ ಶಿವನೇ!

"ಬಸದ್ಯಾಗ ಮುನಿಗಳು ಚಾತುರ್ಮಾಸಕ್ಕ ಬಂದು ಉಳದಾರ್ರಿ" ಅಂದರು ಆಕೆ. "ಅವರ ಆಹಾರದ ಸರದಿ ನಮ್ಮ ಮನಿಗೆ ಬರೂದೈತಿ. ಹೊರಗಿನ ಗಿರಣಿ ಹಿಟ್ಟು ಅದಕ್ಕ ನಡ್ಯಾಂಗಿಲ್ಲ. ಅದಕ್ಕಂತನ ಇದನ್ನ ತಗೊಂಡ್ವಿ. ನಮ್ಮ ಮನ್ಯಾಗ ಬೆಳ್ಳುಳ್ಳಿ ಹೊಸ್ತಿಲಾ ದಾಟಾಂಗಿಲ್ರಿ."

"ನಮ್ಮ ಮನ್ಯಾಗಿನ ನಾತ ಅಲ್ಲರಿ ಇದು. ಬೇಕಾದ್ರ ವಿಡಿಯೋ ತೋರಸ್ತೀನಿ" ಅಂದೆ.

ಆಕೆ ನನ್ನನ್ನು ಬಿಟ್ಟು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಸೊಸೆ ನಿಂತಿದ್ದಳು. ಹರಿಪುರದ ಮರಾಠಾ ಮನೆಯ ಹುಡುಗಿಯಂತೆ, ಮಗ ಮೆಚ್ಚಿ ಮಾಡಿಕೊಂಡು ಬಂದದ್ದಂತೆ. ಮುನಿಗಳಿಗೆ ಅಡುಗೆ ಮಾಡುವ ಚೌಕಾದೊಳಗೆ ಈ ವರ್ಷವೇ ಮೊದಲ ಸಲ ಅವಳನ್ನು ಸೇರಿಸಿಕೊಳ್ಳುತ್ತಿದ್ದರಂತೆ.

"ನಿಮ್ಮದಲ್ಲಂದ್ರ ಇದು ನಮ್ಮನೀದ ಆತಲ್ರಿ" ಅಂದರು ಮೆಲ್ಲಗೆ. "ಬೆಳ್ಳುಳ್ಳಿ ತಿಂದು ಬೆಳದಾಕಿ ಇಲ್ಲಿ ಒಬ್ಬಾಕೀನ. ಹಂಗಿದ್ರ ಇಕಿ ಚೌಕಾದಾಗ ಕಾಲಿಡೂದ ಬ್ಯಾಡ."

ಹುಡುಗಿಯ ಮುಖ ಬಿಳಿಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ಸೆರಗನ್ನು ತಿರುಚುತ್ತಿತ್ತು. ಸಿಕ್ಕಿಬಿದ್ದಳು ಅಂದುಕೊಂಡೆ. ಬಾಯಿ ಕೆಟ್ಟು, ಯಾರೂ ಇಲ್ಲದಾಗ ಒಂದು ಹಿಡಿ ಖಾರ ಬೀಸಿಕೊಂಡಿದ್ದಾಳೆ, ಪಾಪ. ವಿಡಿಯೋ ನನ್ನ ಕೈಯಲ್ಲೇ ತಯಾರಿತ್ತು. ತೋರಿಸಿದರೆ ನಾನು ಗೆದ್ದೆ, ಆ ಹುಡುಗಿ ಸತ್ತಳು. ಮೊಬೈಲನ್ನು ಪರ್ಸಿಗೆ ತುರುಕಿದೆ.

"ನೆನಪಾತ್ ನೋಡ್ರಿ. ನಮ್ಮ ಅತ್ತಿನ ಹಾಕಿರಬೇಕು, ನನಗ ಗೊತ್ತಿಲ್ದ. ತಪ್ಪು ನಮ್ದ. ನಾ ಒಯ್ತೀನಿ" ಅಂದೆ.

ಬಾಡಿಗೆಯ ಟೆಂಪೊ ಕರೆಸಿ ಹೇರುವಾಗ ಸೊಸೆ ಹಗ್ಗ ತಂದುಕೊಟ್ಟಳು. ಅವಳ ಕಿವಿಯ ಹತ್ತಿರ ಬಗ್ಗಿ, "ಇದೊಂದು ಸಲ ಪಾರಾದಿ. ಇನ್ನ ಮ್ಯಾಲೆ ಹುಷಾರಿರು ತಂಗಿ" ಅಂದೆ.

"ಖರಂಚ್ ಅಕ್ಕಾ, ಖರೇನ ನಾ ಹಾಕಿಲ್ಲ."

"ಇರ್ಲಿ ಬಿಡು. ನಾನೂ ಒಬ್ಬರ ಸೊಸೀನ" ಎಂದು ಅವಳ ಕೈ ತಟ್ಟಿದೆ. ಸರಕ್ಕನೆ ಕೈ ಎಳೆದುಕೊಂಡಳು. ಎಲಾ ಇವಳ! ಮಾನ ಉಳಿಸಿದವಳಿಗೆ ಇಷ್ಟು ಸೊಕ್ಕೇ? ಟೆಂಪೊದಲ್ಲಿ ಕೂತು ಸಾಂಗಲಿಯ ತನಕ ಸಿಡುಕಿದೆ. ಒಳಗೊಳಗೇ ನನ್ನ ದೊಡ್ಡ ಮನಸ್ಸಿಗೆ ನಾನೇ ಶಭಾಷ್ ಅಂದುಕೊಂಡೆ.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. "ಕಡೀಗೆ ನಿಮ್ಮ ಹೆಸರ ಹೇಳಿ ಆ ಹುಡುಗೀನ ಉಳಿಸಿದೆ ನೋಡ್ರಿ!"

ಅತ್ತೆ ನಗಲಿಲ್ಲ. "ನಿನಗ್ಹೆಂಗ ಗೊತ್ತಾತು?" ಅಂದರು.

"ಏನು ಗೊತ್ತಾತು?"

"ಮಾಧವನಗರದಾಕಿ ಖಾರ ಕೇಳಿದ್ಲು" ಎಂದು ಅಲ್ಲಿಗೆ ಕೊಟ್ಟ ಮಗಳ ಮೇಲೆ ಹಾಕಿದರು. "ಮಳಿ ಹತ್ತಿ ಡಂಕು ಬಂದ್ ಇತ್ತು. ಹೆಂಗೂ ಮನಿ ಬಿಟ್ಟು ಹೋಗೂ ಸಾಮಾನು ಅಂತ, ಟೆಂಪೊ ಬರೂದರಾಗ ಒಂದೀಟು ಹಾಕಿದೆ. ಆಮ್ಯಾಲೆ ಅಕ್ಕಿ ಹಾಕಿ ತಿರುವೀನಲ್ಲ, ನಾತ ಹೋಗ್ತೈತಿ ಅಂದ್ಕೊಂಡೆ."

ಅತ್ತೆಯ ಮೇಲೆ ಸಿಟ್ಟು ಬಂತು, ಕೂಗಾಡಿದೆ. ಆದರೆ ಕಣ್ಣ ಮುಂದೆ ಬರುತ್ತಿದ್ದದ್ದು ಸರಕ್ಕನೆ ಎಳೆದುಕೊಂಡ ಆ ಕೈ. ತನ್ನ ಅತ್ತೆಯ ಮುಂದೆ ಅವಳು ಪಾರಾಗಿದ್ದಳು ನಿಜ. ಆದರೆ ಮಾಡದ ಕಳ್ಳತನಕ್ಕೆ ಅವಳ ಕಿವಿಯಲ್ಲಿ ಕ್ಷಮೆ ಉಸುರಿ ಬಂದವಳು ನಾನು. ನಾಚಿಕೆಯಿಂದ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಎದ್ದವಳೇ ಮಿರಜಿಗೆ ಫೋನ್ ಮಾಡಿದೆ. ನನ್ನ ಬಳಿ ಇದ್ದದ್ದು ಆ ಅತ್ತೆಯ ನಂಬರೊಂದೇ.

"ಖಾರ ಹಾಕಿದ್ದು ಖರೇನ ನಮ್ಮ ಅತ್ತೀನ್ರಿ" ಅಂದೆ.

"ನಿನ್ನೀನ ಹೇಳಿದ್ರಲ್ರಿ. ಮತ್ಯಾಕ ಹೇಳ್ತೀರಿ?"

"ಏನಿಲ್ಲ... ನಿಮ್ಮ ಸೊಸಿಗೆ ಒಂದೀಟು ಫೋನ್ ಕೊಡ್ರಿ."



"ಆಕಿ ಕೂಡ ನಿಮ್ಮದೇನ್ರಿ ಮಾತು?"

"ಸುಮ್ಮನ್ರಿ. ಬ್ಯಾಡ ಬಿಡ್ರಿ, ಇಡ್ತೀನಿ" ಅಂದೆ. ತಡವಾಗಿತ್ತು. ಎಂದೂ ದನಿ ಏರಿಸದ ಆ ಹೆಂಗಸು ಫೋನಿನಿಂದ ಮುಖ ತಿರುಗಿಸಿ ಒಳಗೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಏ, ಇಲ್ಲಿ ಬಾ. ನಿನ್ನಿ ಟೆಂಪೊ ಹತ್ರ ಈಕಿ ಕೂಡ ಏನು ಪಿಸುಗುಟ್ಟಿದಿ?"