ಪಾರವ್ವನ ಎರಡು ರೊಟ್ಟಿ

ಮೂರು ವರ್ಷದ ಹಿಂದಿನ ಮಾತು. ಆಗ ನನಗೆ ಐವತ್ತೆಂಟು. ನಮ್ಮ ಮನೆ ಬೆಟಗೇರಿಯಲ್ಲಿದೆ. ಆ ಮನೆಯ ಅಡಿಗೆ, ದೇವರ ಪೂಜೆ, ಬಂದವರ ಊಟ-ಉಪಚಾರ ನನ್ನ ಜವಾಬ್ದಾರಿ. ನೌಕರಿ ಎಂದು ನಾನು ಮಾಡಿದ್ದು ಇದೊಂದೇ. ಮದುವೆಯಾಗಿ ಬಂದಾಗಿನಿಂದ ದಿನಾ ರೊಟ್ಟಿ ಬಡಿದಿದ್ದೇನೆ. ಆದರೆ ಇಲ್ಲಿ ಬರೆಯುತ್ತಿರುವ ಪ್ರಕರಣ ನನ್ನ ಸೊಸೆ ಶೈಲಾಳದು. ಅವಳು ಲಕ್ಷ್ಮೇಶ್ವರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸಕ್ಕರೆ ಕಾಯಿಲೆ ಇದ್ದವರನ್ನು ವಾರವಾರ ನೋಡಿ, ಬುದ್ಧಿ ಹೇಳಿ ಕಳಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಆ ವರ್ಷ ಯುಗಾದಿ ಮುಗಿದ ಮೇಲೆ ಅವಳು ಮತ್ತೆ ಓದಲು ಕುಳಿತಳು. ಸ್ನಾತಕೋತ್ತರ ಡಿಪ್ಲೊಮಾ, ವಿಷಯ ಡಯಾಬಿಟಿಸ್ ಆರೈಕೆ, ಅದೂ ದೂರಶಿಕ್ಷಣದಲ್ಲಿ. ನೌಕರಿಯಲ್ಲಿರುವ ಡಾಕ್ಟರು, ನರ್ಸು, ಔಷಧ ಕೊಡುವವರು ಎಲ್ಲರಿಗೂ ಒಂದೇ ತರಗತಿ. ತರಗತಿ ಎಂದರೆ ಲ್ಯಾಪ್‌ಟಾಪು. ವಾರಕ್ಕೊಂದು ಪಾಠ, ವಾರಕ್ಕೊಬ್ಬ ರೋಗಿಯ ಕಥೆ. ಈ ರೋಗಿಗೆ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಯಾಕೆ ಎಂದು ಎಲ್ಲರೂ ಬರೆಯಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಪ್ರಶ್ನೆ ಕೇಳಬೇಕು. ಪಾಠ ಕಲಿಸುವ ಹಿರಿಯ ಡಾಕ್ಟರಮ್ಮ ಎಲ್ಲೋ ದೂರದ ಊರಿನವರು. ಹತ್ತು ತಿಂಗಳ ಕೊನೆಗೆ, ತಾನೇ ನೋಡಿಕೊಂಡ ಒಬ್ಬ ರೋಗಿಯ ಬಗ್ಗೆ ವಿವರವಾಗಿ ಬರೆದು ಒಪ್ಪಿಸಬೇಕಿತ್ತು.

ನಿಜ ಹೇಳಬೇಕೆಂದರೆ ನನ್ನ ಮನಸ್ಸಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ.

"ಮೂವತ್ತೈದು ಆತು ನಿನಗ. ಇನ್ನೂ ಪರೀಕ್ಷಾ ಬರೀತಿಯೇನವಾ?" ಎಂದೆ.

"ರೋಗ ದಿನಾ ಹೊಸಾದು ಕಲ್ತು ಬರತೈತ್ರಿ ಅತ್ತಿ. ನಾ ಕಲೀಲಿಲ್ಲಂದ್ರ ಹೆಂಗ?" ಎಂದಳು.

ಬೆಳಗಿನ ಐದಕ್ಕೆ ನಾನು ರೊಟ್ಟಿಗೆ ಹಿಟ್ಟು ನಾದುವಾಗ ಅವಳು ಅದೇ ಅಡಿಗೆ ಕಟ್ಟೆಯ ಇನ್ನೊಂದು ತುದಿಗೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತಿದ್ದಳು. ಕೀಲಿಗಳ ಮೇಲೆಲ್ಲ ಜೋಳದ ಹಿಟ್ಟು. ನಾನು ಮಂಗಳಾರತಿಗೆ ಗಂಟೆ ಬಾರಿಸಿದರೆ ಎದ್ದು ಬಂದು ಆರತಿ ತಗೊಂಡು ಮತ್ತೆ ಹೋಗಿ ಕೂರುವಳು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿವಿಗೆ ವಾಯರ್ ಹಾಕಿಕೊಂಡು ಪಾಠ ಕೇಳುವಳು. ಸಂಜೆ ಬಂದು, ಕಲಿತದ್ದನ್ನು ನನಗೆ ಕನ್ನಡದಲ್ಲಿ ಹೇಳುವಳು. "ನಿಮಗ ತಿಳೀತಂದ್ರ ಪೇಷಂಟಿಗೂ ತಿಳೀತೈತ್ರಿ" ಎನ್ನುವುದು ಅವಳ ಲೆಕ್ಕಾಚಾರ. ಹೀಗೆ ಕಾಯಿಪಲ್ಲೆ ಸೋಸುತ್ತ ನಾನು ಎಚ್‌ಬಿಎ1ಸಿ ಎಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ಎಂದು ಕಲಿತೆ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಸಕ್ಕರೆ ಇಳಿದಿದೆ, ಏರಿದ್ದಕ್ಕಿಂತ ಅದು ಆ ಹೊತ್ತಿಗೆ ಹೆಚ್ಚು ಅಪಾಯ ಎಂಬುದನ್ನೂ ಕಲಿತೆ. ಉತ್ತರ ಕಳಿಸುವ ದಿನ ಕರೆಂಟ್ ಹೋಗಲಿಲ್ಲವೆಂದರೆ, ಬಸ್ಸಿನಲ್ಲಿ ಸೀಟು ಸಿಕ್ಕಿತೆಂದರೆ ನಾನು ದೇವರ ಮುಂದೆ ಒಂದು ಹೂವು ಹೆಚ್ಚಿಗೆ ಇಡುತ್ತಿದ್ದೆ.

ಅವಳು ಬರೆಯಲು ಆರಿಸಿಕೊಂಡ ರೋಗಿ ಪಾರವ್ವ. ಲಕ್ಷ್ಮೇಶ್ವರದ ಪೇಟೆಯ ಹಿಂದಿನ ಓಣಿಯವರು, ಅರವತ್ತೆರಡು ವರ್ಷ. ಮಗ ಕಾಳಿನ ಅಂಗಡಿಯಲ್ಲಿ ಕೆಲಸಕ್ಕೆ, ಮನೆಯಲ್ಲಿ ಸೊಸೆ ರೇಣುಕಾ. ಪಾರವ್ವನ ಬಲಗಾಲಿನ ಹೆಬ್ಬೆರಳಿಗೆ ಗಾಯವಾಗಿ ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ದಿನಕ್ಕೆರಡು ಹೊತ್ತು ಇನ್ಸುಲಿನ್ ಇತ್ತು. ಹುಬ್ಬಳ್ಳಿಯ ಸರ್ಜನ್ ಒಬ್ಬರು ಗಾಯ ನೋಡಿ, "ಒಂದು ತಿಂಗಳು ಕಾಯುತ್ತೇನೆ. ಅಷ್ಟರಲ್ಲಿ ಸಕ್ಕರೆ ಹತೋಟಿಗೆ ಬಂದು ಗಾಯ ಮಾಯಲು ಶುರುವಾಗದಿದ್ದರೆ ಬೆರಳು ತೆಗೆಯಬೇಕು. ಇನ್ನೂ ತಡ ಮಾಡಿದರೆ ಪಾದಕ್ಕೇ ಬರುತ್ತದೆ" ಎಂದು ಹೇಳಿ ಕಳಿಸಿದ್ದರು.

ತೊಂದರೆ ಏನಾಗಿತ್ತೆಂದರೆ, ಪಾರವ್ವನ ಸಕ್ಕರೆ ಹತೋಟಿಗೆ ಬರುತ್ತಿರಲಿಲ್ಲ. ಊಟಕ್ಕೆ ಮುಂಚೆಯೇ 280, 300. ಆಸ್ಪತ್ರೆಯ ಡಾಕ್ಟರು ಇನ್ಸುಲಿನ್ ಸ್ವಲ್ಪ ಸ್ವಲ್ಪ ಏರಿಸುತ್ತ ಬರುವರು. ಇನ್ನೇನು ಸರಿಹೋಯಿತು ಎನ್ನುವಾಗ ಒಮ್ಮೆಲೇ 58, 54. ಬೆವತು ಬೀಳುವುದು. ಹೆದರಿ ಡೋಸ್ ಇಳಿಸುವರು, ಮತ್ತೆ 300. ಎರಡು ಸಲ ಹೀಗೇ ಆಯಿತು. ಈ ಹೆಣ್ಣುಮಗಳ ಮೈಗೆ ಇನ್ಸುಲಿನ್ ಹೆಚ್ಚು ತಡೆಯುವುದಿಲ್ಲ ಎಂದೇ ಎಲ್ಲರೂ ತಿಳಿದರು. ಶೈಲಾ ಒಂದು ನೋಟ್‌ಬುಕ್ ಕೊಟ್ಟು ದಿನಾ ಬರೆಸುತ್ತಿದ್ದಳು; ಪಾರವ್ವನ ಕಣ್ಣು ಮಂದ, ಮಗನೋ ಸೊಸೆಯೋ ಬೆರಳು ಚುಚ್ಚಿ ಮಷಿನ್‌ನಲ್ಲಿ ನೋಡಿ ಬರೆಯುವರು. ಅದರಲ್ಲಿ ಊಟದ ಸಾಲಿನಲ್ಲಿ ಮಾತ್ರ ಒಂದು ದಿನವೂ ಬದಲಾವಣೆ ಇಲ್ಲ: ರೊಟ್ಟಿ ಎರಡು, ರೊಟ್ಟಿ ಎರಡು, ರೊಟ್ಟಿ ಎರಡು.

ಅವಳ ತರಗತಿಯವರು ತಲೆಗೊಂದು ಮಾತು ಬರೆದರು. ಅಜ್ಜಿ ಕದ್ದು ಸಿಹಿ ತಿನ್ನುತ್ತಾಳೆ ಎಂದು ಒಬ್ಬರು, ಮಷಿನ್ ಕೆಟ್ಟಿದೆ ಎಂದು ಇನ್ನೊಬ್ಬರು. ಡಾಕ್ಟರಮ್ಮ ಮಾತ್ರ ಒಂದೇ ಸಾಲು ಬರೆದಿದ್ದರು. ಶೈಲಾ ಅದನ್ನು ನನಗೆ ಓದಿ ಹೇಳಿದಳು: "ಡೋಸು ಬದಲಾದದ್ದನ್ನ ಎಲ್ಲಾ ಬರದೀದಿ. ಮನ್ಯಾಗ ಏನು ಬದಲಾಗತೈತಿ ಅನ್ನೂದು ಎಲ್ಲೈತಿ?"

"ಏನೂ ಬದಲಾಗಂಗಿಲ್ರಿ ಅತ್ತಿ. ಎರಡು ರೊಟ್ಟಿ ಅಂದ್ರ ಎರಡ ರೊಟ್ಟಿ. ಭಾಳ ಪ್ರಾಮಾಣಿಕ ಹೆಣ್ಮಗಳು" ಎಂದು ತಲೆ ಹಿಡಿದುಕೊಂಡು ಕುಳಿತಳು. ಸರ್ಜನ್ ಹೇಳಿದ ತಿಂಗಳಲ್ಲಿ ಆಗಲೇ ಆರು ದಿನ ಕಳೆದಿದ್ದವು.

ನೋಟ್‌ಬುಕ್ ಕಟ್ಟೆಯ ಮೇಲಿತ್ತು. ಸಕ್ಕರೆ ಇಳಿದ ದಿನಗಳಿಗೆ ಶೈಲಾ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ನಾನು ಸುಮ್ಮನೆ ಹಾಳೆ ಹೊರಳಿಸಿದೆ. ನಾಲ್ಕು ದಿನ ಸಾಲಾಗಿ ಕೆಂಪು. ಆಮೇಲೆ ಇಪ್ಪತ್ತನಾಲ್ಕು ದಿನ ಏನೂ ಇಲ್ಲ. ಮತ್ತೆ ನಾಲ್ಕು ದಿನ ಕೆಂಪು. ಇಂಥ ಗುರುತನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ನಾನೂ ವರ್ಷಾನುಗಟ್ಟಲೆ ಹಾಕಿದವಳೇ.

"ಶೈಲಾ, ಆ ಮನ್ಯಾಗ ಸೊಸಿ ಹೊರಗ ಕುಂಡ್ರತಾಳೇನು?" ಎಂದು ಮೆಲ್ಲಗೆ ಕೇಳಿದೆ.

ತಿಂಗಳ ಮುಟ್ಟಿನ ನಾಲ್ಕು ದಿನ ಒಲೆ ಮುಟ್ಟದ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ನಮ್ಮ ಮನೆಯಲ್ಲೂ ಇತ್ತು, ನನ್ನ ಅತ್ತೆಯ ಕಾಲಕ್ಕೆ ಮುಗಿಯಿತು.

ಶೈಲಾ ನನ್ನನ್ನೇ ನೋಡಿದಳು. "ಅದು ನಂಗ ಗೊತ್ತಿಲ್ರಿ. ಯಾಕ?"

"ಆ ನಾಕು ದಿನ ರೊಟ್ಟಿ ಯಾರು ಬಡೀತಾರಂತ ಕೇಳು. ಪಾರವ್ವಗ ಕಾಲು ಊರಾಕ ಬರಂಗಿಲ್ಲ ಅಂತೀದಿ."

ಮರುದಿನ ಸೋಮವಾರ. ಲಕ್ಷ್ಮೇಶ್ವರದ ಸೋಮೇಶ್ವರನ ದರ್ಶನವೂ ಆಗುತ್ತದೆ ಎಂದು ನಾನೂ ಅವಳ ಜೊತೆ ಬಸ್ ಹತ್ತಿದೆ. ದೇವರಿಗೆ ಕೈಮುಗಿದು, ಅವಳ ಕೆಲಸ ಮುಗಿಯುವ ತನಕ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದು, ಮಧ್ಯಾಹ್ನ ಇಬ್ಬರೂ ಪಾರವ್ವನ ಮನೆಗೆ ಹೋದೆವು.

"ಬರ್ರಿ ಸಿಸ್ಟರವ್ವಾರ, ಕುಂಡ್ರಿ. ನಿಮ್ಮ ಅತ್ತಿನೂ ಬಂದಾರ? ಮತ್ತ ನನ್ನ ಝಡತಿ ತಗೊಳ್ಳಾಕ, ತಪಾಸ ಮಾಡಾಕ ಬಂದೀರಿ ಹೌದಿಲ್ಲೋ? ಎರಡ ತಿಂದೀನ್ರಿ, ಸೋಮೇಶ್ವರನ ಆಣಿ" ಎಂದರು ಪಾರವ್ವ. ಬ್ಯಾಂಡೇಜ್ ಕಟ್ಟಿದ ಕಾಲು ದಿಂಬಿನ ಮೇಲಿತ್ತು.

ನಾನು ನಗುತ್ತ, "ಅಕ್ಕಾರ, ರೇಣುಕಾ ಹೊರಗಾದಾಗ ಊಟ ಹೆಂಗ್ರಿ?" ಎಂದೆ.

"ಹೆಂಗಂದ್ರ? ಬಾಜೂ ಓಣ್ಯಾಗ ರೊಟ್ಟಿ ಮಾಡಿ ಮಾರ್ತಾರ. ಕಟಿರೊಟ್ಟಿ ತರಸ್ತೀನಿ. ಮೊಸರು, ಶೇಂಗಾ ಚಟ್ನಿ ಹಿಂಡಿ. ಆಗೂ ಎರಡ ತಿಂತೀನ್ರಿ, ಮೂರನೇದು ಮುಟ್ಟಿಲ್ಲ."

ಬುಟ್ಟಿಯಲ್ಲಿ ಹೋದ ತಿಂಗಳಿನ ಒಂದಿಷ್ಟು ಕಟಿರೊಟ್ಟಿ ಉಳಿದಿದ್ದವು. ಒಣಗಿ ಹಪ್ಪಳದಂತಾಗುವ ಈ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಶೈಲಾ ಚೀಲದಿಂದ ಸಣ್ಣ ತಕ್ಕಡಿ ತೆಗೆದು, ರೇಣುಕಾ ಅದೇ ಆಗ ಬಡಿದ ಬಿಸಿ ರೊಟ್ಟಿಯನ್ನೂ ಕಟಿರೊಟ್ಟಿಯನ್ನೂ ತೂಗಲು ಹೊರಟಳು.

"ಹಂಗ ತೂಗಬ್ಯಾಡವಾ" ಎಂದೆ. "ಬಿಸಿ ರೊಟ್ಯಾಗ ನೀರು ಇರತೈತಿ, ಇದು ಒಣಗೇತಿ. ತೂಕ ಸುಳ್ಳು ಹೇಳತೈತಿ. ಹಿಟ್ಟು ಕೇಳು." ಆಮೇಲೆ ರೇಣುಕಾಳಿಗೆ, "ತಂಗಿ, ಒಂದ್ ಕಿಲೋ ಹಿಟ್ಟಿಗೆ ನಿನ್ನ ರೊಟ್ಟಿ ಎಷ್ಟಾಗ್ತಾವು?"

"ಹನ್ನೆರಡ್ರಿ ಅಕ್ಕಾರ. ನಮ್ಮ ಮನಿಯವ್ರಿಗೆ ದಪ್ಪನ್ನ ರೊಟ್ಟಿನ ಬೇಕು."

ಬಾಜೂ ಓಣಿಯ ರೊಟ್ಟಿ ಮಾಡುವ ಹೆಣ್ಣುಮಗಳಿಗೆ ಫೋನ್ ಮಾಡಿಸಿ ಅದನ್ನೇ ಕೇಳಿದೆವು. ಒಂದು ಕಿಲೋಗೆ ಮೂವತ್ತು ಎಂದಳು.

ಶೈಲಾ ಅಲ್ಲೇ ನೋಟ್‌ಬುಕ್ಕಿನ ಹಿಂದೆ ಬರೆದಳು. ರೇಣುಕಾಳ ಎರಡು ರೊಟ್ಟಿಯಲ್ಲಿ ನೂರ ಅರವತ್ತೈದು ಗ್ರಾಂ ಮೇಲ್ಪಟ್ಟು ಹಿಟ್ಟು. ಕಟಿರೊಟ್ಟಿ ಎರಡರಲ್ಲಿ ಅರವತ್ತಾರು. ಇನ್ಸುಲಿನ್ ಮಾತ್ರ ಅಷ್ಟೇ. ಇಪ್ಪತ್ತನಾಲ್ಕು ದಿನದ ದಪ್ಪ ರೊಟ್ಟಿಗೆ ಹೊಂದುವ ಡೋಸು, ಆ ನಾಲ್ಕು ದಿನ ಪಾರವ್ವನನ್ನು ಕೆಳಗೆ ಬೀಳಿಸುತ್ತಿತ್ತು. ಬಿದ್ದರೆಂದು ಡೋಸ್ ಇಳಿಸಿದರೆ ಉಳಿದ ದಿನ ಸಕ್ಕರೆ ಏರಿ ಗಾಯ ಮಾಯುತ್ತಿರಲಿಲ್ಲ. ಪಾರವ್ವ ಒಂದು ಸುಳ್ಳೂ ಹೇಳಿರಲಿಲ್ಲ.

ಬಾಗಿಲ ಹತ್ತಿರ ನಿಂತ ರೇಣುಕಾ ಆಗ ಬಾಯಿ ಬಿಟ್ಟಳು. "ಹ್ವಾದ ತಿಂಗಳ ಅತ್ತಿ ಬೆವತು ಬಿದ್ದಾಗ ನಾ ಹೊರಗಿನ ಕೋಲ್ಯಾಗ ಇದ್ನಿರಿ. ಸಕ್ರಿ ಡಬ್ಬಿ ಅಡಗಿ ಮನ್ಯಾಗ. ಹೊಸ್ತಲದಾಗ ನಿಂತು ಬಾಜೂ ಮನಿಯವ್ರನ್ನ ಒದರಿದೆ. ಅವರು ಬರೂತನಾ ನನ್ನ ಜೀವ ನನ್ನ ಕೈಯಾಗ ಇರಲಿಲ್ರಿ."

ಪಾರವ್ವ ಸೊಸೆಯ ಕಡೆ ಹೊರಳಿ ನೋಡಿದರು. ಆಮೇಲೆ, "ಒಳಗ ಬರಬೇಕಿತ್ತಲ್ಲಾ ಅಂತ ನಾ ಹೆಂಗ ಅನ್ಲಿ? ಬರಬ್ಯಾಡಂತ ಕಲಿಸಿದಾಕಿ ನಾನ" ಎಂದರು.

ಆ ಹೊತ್ತಿಗೆ ಶೈಲಾ ಉಪದೇಶ ಶುರು ಮಾಡುತ್ತಾಳೆ ಎಂದು ನಾನು ಅಂದುಕೊಂಡೆ. ಓದಿದವಳು, ಮಾತು ಬಲ್ಲವಳು. ಅವಳು ಉಪದೇಶಕ್ಕೆ ಹೋಗಲಿಲ್ಲ. ಚೀಲದಿಂದ ಗ್ಲುಕೋಸ್ ಪುಡಿಯ ಡಬ್ಬಿ ತೆಗೆದು, ಅಡಿಗೆ ಮನೆಯಿಂದ ಹೊರಗೆ, ಪಡಸಾಲೆಯ ಗೂಡಿನಲ್ಲಿ ಇಟ್ಟಳು. "ರೇಣುಕಾ, ಇದು ಯಾವತ್ತೂ ಇಲ್ಲೇ ಇರ್ಲಿ. ಮೂರು ಚಮಚ, ನೀರಾಗ ಕಲಸಿ ಕುಡಸೂದು. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ, ಜಲ್ದಿ ದವಾಖಾನಿಗೆ ಕರಕೊಂಡು ಬಾ" ಎಂದಳು, ಅಷ್ಟೆ. ಆ ದಿನ ನನ್ನ ಸೊಸೆಯನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಆಸ್ಪತ್ರೆಯ ಡಾಕ್ಟರಿಗೆ ಎಲ್ಲ ಹೇಳಿ, ಅವರ ಒಪ್ಪಿಗೆಯ ಮೇಲೆ ಹೊಸ ಏರ್ಪಾಟು ಆಯಿತು. ಡೋಸನ್ನು ಹಂತಹಂತವಾಗಿ ಏರಿಸಿ ಒಂದು ಕಡೆ ನಿಲ್ಲಿಸುವುದು. ಕಟಿರೊಟ್ಟಿಯ ದಿನ ಎರಡರ ಬದಲು ಐದು ತಿನ್ನುವುದು.

ಐದು ಎಂದ ಕೂಡಲೇ ಪಾರವ್ವ ಕೈ ಮುಗಿದರು. "ಶಿವನೇ! ಸಕ್ರಿ ರೋಗದಾಕಿ ಐದು ರೊಟ್ಟಿ ತಿಂದ್ರ ಓಣಿ ಮಂದಿ ಏನಂದಾರು?"

"ಓಣಿ ಮಂದಿಗೆ ನಾ ಚೀಟಿ ಬರ್ಕೊಡ್ತೀನ್ರಿ" ಎಂದಳು ಶೈಲಾ.

ಇನ್ನು ಕಾಯುವುದಷ್ಟೇ. ಡೋಸ್ ಏರಿತ್ತು, ನಾಲ್ಕು ದಿನ ಮತ್ತೆ ಬರಲಿದ್ದವು. ಹೊಂದದಿದ್ದರೆ ಈ ಸಲ ಪಾರವ್ವ ಹಿಂದಿಗಿಂತ ಜೋರಾಗಿ ಬೀಳುತ್ತಾರೆ, ಮೇಲೆ ಬೆರಳೂ ಹೋಗುತ್ತದೆ. ಶೈಲಾಳಿಗೆ ಊಟ ಸೇರುತ್ತಿರಲಿಲ್ಲ. ನಾನು ಬೆಳಗಿನ ಪೂಜೆಯಲ್ಲಿ ಮನೆಯವರ ಹೆಸರಿನ ಜೊತೆ ಪಾರವ್ವನ ಹೆಸರನ್ನೂ ಹೇಳಿದೆ.

ಮೊದಲ ದಿನ ರಾತ್ರಿ ಊಟಕ್ಕೆ ಮುಂಚೆ ರೇಣುಕಾಳೇ ಫೋನ್ ಮಾಡಿದಳು. "ಸಿಸ್ಟರ್, ನೂರಾ ಇಪ್ಪತ್ತೆಂಟು." ಎರಡನೆಯ ದಿನ 141. ಮೂರನೆಯ ದಿನ 119. ನಾಲ್ಕನೆಯ ದಿನ 134.

"ಪಾರವ್ವಗ ಕಣ್ಣು ಸರಿ ಕಾಣಂಗಿಲ್ಲ, ಈ ನಾಕು ದಿನ ಬೆರಳು ಚುಚ್ಚಿ ನೋಡಿದವ್ರು ಯಾರವಾ?" ಎಂದು ಶೈಲಾ ಕೇಳಿದಳು.

"ನಾನರಿ. ಅತ್ತಿ ತಾವ ಒಳಗ ಕರದು ಕೈ ಮುಂದ ಮಾಡಿದ್ರು."

ತಿಂಗಳ ಕೊನೆಗೆ ಸರ್ಜನ್ ಬ್ಯಾಂಡೇಜ್ ಬಿಚ್ಚಿ ನೋಡಿದರು. ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. "ಕತ್ತರಿ ಬೇಡ" ಎಂದರು. ಪೂರ್ತಿ ಮಾಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಶೈಲಾ ಈ ಪ್ರಕರಣವನ್ನೇ ಬರೆದು ಒಪ್ಪಿಸಿ ಪಾಸಾದಳು. ಅವಳ ಸರ್ಟಿಫಿಕೇಟ್ ಮನೆಗೆ ಬಂದ ದಿನ ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ಒಳಗೆ ಏನು ಬರೆದಿದೆಯೋ, ನನಗೆ ಇಂಗ್ಲಿಷ್ ಓದಲು ಬರದು. ಅದರ ಹಿಂದೆ ಎಷ್ಟು ಬೆಳಗುಗಳಿವೆ ಎಂದು ಗೊತ್ತು.

ಆ ಮೇಲೆ ಒಂದು ಸೋಮವಾರ ಸೋಮೇಶ್ವರನ ಗುಡಿಯಲ್ಲಿ ಪಾರವ್ವ ಸಿಕ್ಕರು. ಗುಡಿಯ ಹಾಸುಗಲ್ಲು ಬಿಸಿಲಿಗೆ ಕಾಯುವ ಮೊದಲೇ ಹೋಗಬೇಕು, ಬರಿಗಾಲಲ್ಲಿ ನಡೆಯಬಾರದು ಎಂದು ಶೈಲಾ ಹೇಳಿದ್ದಳಂತೆ. ಬೆಳಗಿನ ತಂಪಿನಲ್ಲೇ ಬಂದು, ಕಾಲಿಗೆ ಬಿಳಿ ಸಾಕ್ಸ್ ಹಾಕಿಕೊಂಡು ಪ್ರದಕ್ಷಿಣೆ ಹಾಕುತ್ತಿದ್ದರು. ನಾನು ನೋಡಿ ನಕ್ಕಿದ್ದಕ್ಕೆ, "ನಗಬ್ಯಾಡ್ರಿ ಅಕ್ಕಾರ, ಒಳಗ ಹತ್ತೂ ಬೆರಳು ಅದಾವು" ಎಂದರು.

ಈಗ ಶೈಲಾ ತನ್ನ ವಿಭಾಗಕ್ಕೆ ಬಂದವರನ್ನು ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಮೊದಲು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ, ಬಡಿಯುವವರು ಯಾರು, ಅವರು ಬಡಿಯದ ದಿನ ಊಟ ಹೇಗೆ ಎಂದು ಕೇಳುತ್ತಾಳೆ. ರೋಗಿ ಒಬ್ಬರೇ ಬಂದು ಕುರ್ಚಿಯ ಮೇಲೆ ಕುಳಿತರೂ ಅವರ ಸಕ್ಕರೆ ಇನ್ನೊಬ್ಬರ ಕೈಯಲ್ಲಿರುತ್ತದೆ. ಆ ಕೈಯನ್ನೂ ವಿಚಾರಿಸಬೇಕು. ಅವಳ ನೌಕರಿ ಅವಳಿಗೆ ಕಲಿಸಿದ್ದು ಇದು. ನನಗೂ ಇಷ್ಟು ವರ್ಷ ಒಲೆಯ ಮುಂದೆ ನಿಂತವಳು ಏನೋ ಬಲ್ಲೆ ಎಂದು ತಿಳಿಯಿತು, ಅದನ್ನು ಕೇಳುವ ಮನಸ್ಸಿರುವ ಸೊಸೆ ಸಿಕ್ಕಿದ್ದರಿಂದ.