ಬೊಮ್ಮಕ್ಕನ ಸಾಣೆ

ಗೌಡಗೆರೆಯ ಓಬಳಯ್ಯನ ಕಣ್ಣಿಗೆ ಪೊರೆ ಬಂದ ವರ್ಷ, ಸಾಣೆ ಹಿಡಿಯುವ ಕೆಲಸ ಅವನ ಹೆಂಡತಿ ಬೊಮ್ಮಕ್ಕನ ಪಾಲಿಗೆ ಬಂತು. ಅಲ್ಲಿಯವರೆಗೆ ಅವನು ಅಲಗು ಹಿಡಿದರೆ, ಅವಳು ಸಾಣೆಯ ಚಕ್ರ ತಿರುಗಿಸುವ ತೊಗಲಿನ ಪಟ್ಟಿ ಎಳೆಯುತ್ತಿದ್ದಳು. ಈಗ ಪಟ್ಟಿ ಅವನದು, ಅಲಗು ಅವಳದು. ಮಹಾರಾಜರ ಕಾಲದ ಆ ಊರಿನಲ್ಲಿ ಹೆಂಗಸೊಬ್ಬಳು ಸಾಣೆ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

ಕುರಿಮಂದೆಯ ಹಿರಿಯ ದೊಡ್ಡರಂಗಪ್ಪ ಕುರಿಯ ತುಪ್ಪಟ, ಎಂದರೆ ಉಣ್ಣೆ, ಕತ್ತರಿಸುವ ಕತ್ತರಿಗಳನ್ನು ತಂದು ಜಗುಲಿಯ ಮೇಲಿಟ್ಟ.

"ನೋಡಮ್ಮ, ಕುರಿ ಮೈಗೆ ಗಾಯ ಆದ್ರೆ ನಮ್ಮೋರೆಲ್ಲ ಸಾಣೆಗೆ ಸಿರಾಕ್ಕೇ ಹೋಗೋದು. ಆಮೇಲೆ ಮಕ ಊದಿಸ್ಕೋಬ್ಯಾಡ."

"ಊದಿಸ್ಕೊಳ್ಳಾಕೆ ನಾನೇನು ನಿಮ್ ಸೊಸೆಯಾ ರಂಗಣ್ಣ?"

ಹಳೆಯ ಸಾಣೆ ಸವೆದು ಅಂಗೈಯಗಲಕ್ಕೆ ಬಂದಿತ್ತು. ಪಾವಗಡದ ಕಡೆಯಿಂದ ತಂದ ಕುರಂದವೆಂಬ ಗಡಸು ಕಲ್ಲನ್ನು ಕುಟ್ಟಿ, ಪುಡಿಯನ್ನು ಕಾಸಿದ ಅರಗಿನಲ್ಲಿ ಕಲಸಿ, ತಟ್ಟಿ ಹೊಸ ಚಕ್ರ ಮಾಡಬೇಕು. ಗಂಡನ ಸಾಣೆಗಳು ಬೇಗ ಸವೆಯುತ್ತವೆಂಬ ಕೊರಗು ಅವಳಿಗೆ ಮೊದಲಿನಿಂದಲೂ ಇತ್ತು. ತನ್ನದು ಬಹುಕಾಲ ಬಾಳಲೆಂದು ಪುಡಿಯನ್ನು ಬಟ್ಟೆಯಲ್ಲಿ ಸೋಸಿ ನುಣ್ಣಗೆ ಮಾಡಿ, ಅರಗನ್ನು ಧಾರಾಳವಾಗಿ ಸುರಿದಳು. ಆರಿದ ಚಕ್ರ ಕಪ್ಪಗೆ ಮಿರುಗಿತು.

ಮೊದಲ ಕತ್ತರಿ ಹಿಡಿದಾಗ ಅಲಗು ಜಾರಿತು. ಒತ್ತಿ ಹಿಡಿದಳು. ಉಕ್ಕು ಕೈ ಸುಟ್ಟಿತು, ಅರಗಿನ ವಾಸನೆ ಎದ್ದಿತು.

"ಕೂಗ್ತಾ ಐತೆ ಕಣೇ ಅದು, ಕೊಯ್ತಾ ಇಲ್ಲ," ಎಂದ ಓಬಳಯ್ಯ.

"ನೀನು ಸುಮ್ಕೆ ಪಟ್ಟಿ ಎಳಿ."

ಅಲಗು ಹೊಳೆಯಿತು. ಆ ಹೊಳಪಿಗೆ ಅವಳೇ ಮರುಳಾದಳು. ದೊಡ್ಡರಂಗಪ್ಪ ಅಲ್ಲೇ ಒಂದು ಕುರಿಯನ್ನು ಕೆಡವಿ ಕತ್ತರಿಯಾಡಿಸಿದರೆ ತುಪ್ಪಟ ತುಂಡಾಗದೆ ಕಿತ್ತು ಬಂತು. ಕುರಿ ಚೀರಿತು.

"ಒಳ್ಳೆ ಕನ್ನಡಿ ಮಾಡ್ಕೊಟ್ಟೆ ಕಣಮ್ಮ! ನಾಳೆ ಸಂತೆಗೆ ಸಿರಾಕ್ಕೆ ಹೋಗ್ತೀನಿ, ಅಷ್ಟರೊಳಗೆ ನೋಡ್ಕೋ."

ಬೊಮ್ಮಕ್ಕ ಹೊಸ ಚಕ್ರವನ್ನು ಉಗುರಿನಿಂದ ಕೆರೆದಳು. ಒಂದು ಹರಳೂ ಉದುರಲಿಲ್ಲ. ಗಂಡನ ಹಳೆಯ ತುಂಡನ್ನು ಉಜ್ಜಿದಳು. ಬೆರಳಿಗೆ ಹರಳು ಅಂಟಿ ಬಂದವು. ಮೊಂಡಾದ ಹರಳು ಕಳಚಿಕೊಂಡರೆ ತಾನೇ ಅಡಿಯ ಚೂಪು ಹರಳು ಹೊರಗೆ ಬರುವುದು? ಅವನ ಸಾಣೆ ಸವೆದದ್ದು ಕೊಯ್ಯುವುದಕ್ಕಾಗಿ.

ಚಕ್ರ ಒಡೆದು ಮತ್ತೆ ಕೂತಳು. ಅರಗು ತೀರ ಕಡಿಮೆಯಾಗಿ ಒಂದು ಚಕ್ರ ಒಣರೊಟ್ಟಿಯಂತೆ ಮುರಿಯಿತು. ಮುಂದಿನದು ಮುರಿಯದೆ ನಿಂತಿತು. ಅಲಗು ತೇಯಲು ದಪ್ಪ ಪುಡಿಯ ಚಕ್ರ ಒಂದು, ಕೊನೆಯ ಹರಿತಕ್ಕೆ ನುಣ್ಣನೆಯದು ಇನ್ನೊಂದು. ಈ ಸಲ ಚಕ್ರ ಕೂಗಲಿಲ್ಲ, ಜಿರ್ರೆಂದು ಮೆಲ್ಲಗೆ ಹಾಡಿತು. ಅವಳ ಸೀರೆಯೆಲ್ಲ ಧೂಳಾಯಿತು.

ಬೆಳಗ್ಗೆ ದೊಡ್ಡರಂಗಪ್ಪ ಕತ್ತರಿಯಾಡಿಸಿದಾಗ ಅದೇ ಕುರಿ ಕಣ್ಣು ಅರೆಮುಚ್ಚಿ ಮಲಗಿಯೇ ಇತ್ತು. ತುಪ್ಪಟ ಕಂಬಳಿ ಸರಿದಂತೆ ಇಡಿಯಾಗಿ ಸರಿಯಿತು.

"ಓಬಳಯ್ಯ, ನಿನ್ ಕೈ ಇನ್ನೂ ಐತೆ ಕಣ್ಲಾ!"

"ನನ್ ಕೈ ಪಟ್ಟಿ ಮ್ಯಾಲಿತ್ತು. ಅಲಗು ಹಿಡಿದೋಳು ಅಗೋ, ಅಲ್ಲಿ ನಿಂತವ್ಳೆ."

ದೊಡ್ಡರಂಗಪ್ಪ ತಿರುಗಿ ನೋಡಿದ. ಬೊಮ್ಮಕ್ಕ ಸೆರಗಿನ ಧೂಳು ಕೊಡವಲಿಲ್ಲ.

"ಮಿಕ್ಕಿದ್ದನ್ನ ಸಂಜೆಗೆ ತಗಂಡೋಗಿ ರಂಗಣ್ಣ. ಯಾರ ಸಾಣೆ ಅಂತ ಮಂದೆಯೋರು ಕೇಳಿದ್ರೆ, ಬೊಮ್ಮಕ್ಕಂದು ಅನ್ನಿ."