ಮನುಷ್ಯರನ್ನು ಬಿಟ್ಟು ಗೆರೆ ನೋಡಿದವರು

ನಮ್ಮ ಗೈಡ್ ಸರ್ ಬಲಗೈ ಕಿರುಬೆರಳಿನ ಉಗುರು ಬೆಳೆಸಿದ್ದರು. ಅಡಿಕೆಯ ಕಂದು ಕಲೆ ಹತ್ತಿದ ಆ ಉಗುರಿನಿಂದ ಲ್ಯಾಪ್‌ಟಾಪಿನ ಪರದೆ ಕೆರೆಯುತ್ತ, ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹೋದ ಗೆರೆಯನ್ನು ತೋರಿಸುತ್ತಿದ್ದರು. "ಮನಶ್ಯಾನ್ನ ನೋಡಬ್ಯಾಡವಾ, ಗೆರಿ ನೋಡು. ಯಾರು ಯಾರಿಗೆ ಹತ್ತ್ಯಾರ, ಅಷ್ಟ ನೋಡು." ಸೋಶಿಯಲ್ ನೆಟ್‌ವರ್ಕ್ ಅನಾಲಿಸಿಸ್ ಅಂದರೆ ಇದೇ ಎಂದು ಜಮಖಂಡಿಯ ಆ ಸೆಕೆಯ ಕೋಣೆಯಲ್ಲಿ ಕಲಿಸಿದರು. ಛಲೋ ಕಲಿಸಿದರು. ಅದನ್ನು ನಾನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ.

ನಮ್ಮದು ತುಬಚಿ ಕಡೆಯ ಕುರಿ ಕಾಯುವ ಮನೆತನ. ಅದರಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಚಹಾಕ್ಕೆ ಬಂದವರಿಗೆಲ್ಲ ಸರ್ ನನ್ನನ್ನು ತೋರಿಸಿ, "ಇಕಿ ಅಪ್ಪ ಕುರಿ ಎಣಸ್ತಾನ, ಇಕಿ ಮನಶ್ಯಾರ್ನ ಎಣಸ್ತಾಳ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಥೀಸಿಸ್ಸಿನ ಸಹಿ ಅವರ ಕೈಯಲ್ಲಿತ್ತು.

ಕುರಿಗಳ ರೋಗ ಹಿಂಡಿನಿಂದ ಹಿಂಡಿಗೆ ಹೇಗೆ ದಾಟುತ್ತದೆ ಎಂಬುದು ನನ್ನ ವಿಷಯ. ಕಬ್ಬು ಕಡಿದ ಮೇಲೆ ಸಮೀರವಾಡಿ ಸುತ್ತಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸುತ್ತಾರೆ. ಯಾರ ಹಿಂಡು ಯಾರ ಹಿಂಡಿನ ಪಕ್ಕ ಮಲಗಿತು, ಯಾವ ಕುರಿ ಯಾರದು ಎಂದು ಬೀಳಗಿಯ ತನಕ ಅಲೆದು ಕೇಳಿದೆ. ಕುರಿಗಾರರು ಹೇಳಿದ್ದನ್ನು ಹೇಳಿದಂತೆಯೇ ಮೊದಲು ಬರೆದುಕೊಂಡೆ. ಆಮೇಲೆ ಅದನ್ನು ತಿದ್ದಿ, ತಿದ್ದಿದ್ದಕ್ಕೆ ಕಾರಣ ಬರೆದು, ಸಂಶೋಧಕರೆಲ್ಲ ಹಂಚಿಕೊಂಡು ಬಳಸುವ ಡಿಜಿಟಲ್ ಭಂಡಾರವೊಂದಕ್ಕೆ ನನ್ನ ಹೆಸರಿನಲ್ಲಿ ಏರಿಸಿದೆ. ಅಲ್ಲಿ ಏರಿಸಿದ್ದಕ್ಕೆಲ್ಲ ತಾರೀಖು ಬೀಳುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು.

"ಬೆಳದದ್ದನ್ನ ಯಾರರ ಹಾದ್ಯಾಗ ಸುರೂತಾರೇನ ಬೇ ಹುಚ್ಚಿ?" ಎಂದರು ಸರ್. ಆ ಭಂಡಾರವನ್ನು ತೆರೆದು ನೋಡುವ ಗೊಡವೆಗೂ ಹೋಗಲಿಲ್ಲ.

ಮರುವರ್ಷ ನನ್ನ ಕೆಲಸ ಒಂದು ಜರ್ನಲ್‌ನಲ್ಲಿ ಬಂತು. ಹೆಸರು ಸರ್ ಅವರದು, ಜೊತೆಗೆ ಅವರ ಅಕ್ಕನ ಮಗನದು. ನನ್ನದು ಎಲ್ಲೂ ಇರಲಿಲ್ಲ. ಹೋಗಿ ಕೇಳಿದೆ.

"ಥೀಸಿಸ್ಸಿಗೆ ಸಹಿ ಬೇಕೋ, ಪೇಪರಿನ್ಯಾಗ ಹೆಸರ ಬೇಕೋ? ಒಂದ ಹೇಳು."

ಸಹಿ ಬೇಕು ಎಂದೆ. ಮನೆಗೆ ಬಂದು ಆ ಲೇಖನವನ್ನು ಓದಿದಾಗ ಹೊಟ್ಟೆ ತಣ್ಣಗಾಯಿತು. ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ತಿದ್ದದ ಪ್ರತಿಯನ್ನು ಎತ್ತಿಕೊಂಡಿದ್ದರು! ಬಾಯಿ ಮುಚ್ಚಿಕೊಂಡು ಕಾದೆ. ಸಹಿ ಬಿತ್ತು, ಡಾಕ್ಟರೇಟ್ ಬಂತು.

ಬನಹಟ್ಟಿಯಲ್ಲಿ ಸೆಮಿನಾರ್. ಪರದೆಯ ನಟ್ಟನಡುವಿನ ದಪ್ಪ ಚುಕ್ಕೆ ತೋರಿಸಿ ಸರ್ ಹೇಳಿದರು: "ರೋಗ ಹಬ್ಬಿದ್ದು ಈ ಒಬ್ಬ ಮನಶ್ಯಾನಿಂದರಿ. ಬೀರಪ್ಪ ಅಂತ. ಎಲ್ಲಾ ಹಿಂಡಿನ್ಯಾಗೂ ಇವಂದೊಂದು ಕುರಿ ಐತಿ."

ಎದ್ದು ನಿಂತೆ. "ಸರ್, ಈ ಬೀರಪ್ಪನ್ನ ಭೇಟಿ ಆಗೀರೇನ್ರಿ?"

"ಆಗೇನಲ್ಲವಾ. ಎರಡು ಸಲ ಮಾತಾಡ್ಸೀನಿ. ಭಾಳ ಚಾಲಾಕ್ ಆಸಾಮಿ."

"ಪುಣ್ಯವಂತರ್ರಿ ನೀವು. ಬೀರಪ್ಪ ನಮ್ಮ ಮನಿ ದೇವರ್ರಿ. ಹಿಂಡಿಗೊಂದು ಕುರಿ ಅವನ ಹೆಸರಿಗೆ ಬಿಟ್ಟಿರ್ತೀವಿ, ಅದನ್ನ ಮಾರೂದಿಲ್ಲ. ನಮ್ಮಪ್ಪ ಸಣ್ಣಾಂವಿದ್ದಾಗಿಂದ ಅವನ ಮುಂದ ಡೊಳ್ಳು ಬಡೀತಾನ, ಆ ದೇವರು ನಮ್ಮಪ್ಪನ ಕೂಡ ಒಂದ ಸಲಾನೂ ಮಾತಾಡಿಲ್ರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವ ಮೊದಲೇ ಅದೇ ಪರದೆಯ ಮೇಲೆ ಭಂಡಾರವನ್ನು ತೆರೆದೆ. ನನ್ನ ಹೆಸರು, ಅವರ ಲೇಖನಕ್ಕಿಂತ ಹಿಂದಿನ ತಾರೀಖು, ಕೆಳಗೆ ನನ್ನ ಟಿಪ್ಪಣಿ: 'ಬೀರಪ್ಪ ಎಂದಿರುವಲ್ಲಿ ಅದು ದೇವರ ಕುರಿ, ಒಡೆಯನ ಹೆಸರಲ್ಲ, ತೆಗೆದಿದೆ.' ಜರ್ನಲ್‌ನವರು ಲೇಖನ ಹಿಂದಕ್ಕೆ ತೆಗೆದುಕೊಂಡರು. ನಾನು ಆ ಟಿಪ್ಪಣಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ನನ್ನ ಈ ಕೆಲಸವನ್ನು ಕೇಳದೆ ಎತ್ತಿಕೊಂಡವರು ಇಂಥಿಂಥವರು, ಅಂತ. ಇಬ್ಬರ ಹೆಸರನ್ನೂ ಪೂರ್ತಿಯಾಗಿ ಬರೆದೆ.

ಸರ್ ಮತ್ತೆ ಯಾವ ಸೆಮಿನಾರಿಗೂ ಹೋಗಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಮ್ಮೆ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು.

"ಆ ಕಡೀ ಸಾಲು ತಗದಬಿಡವಾ. ಮೊಮ್ಮಕ್ಕಳು ನನ್ನ ಹೆಸರ ಹುಡುಕಿದ್ರ ಅದ ಮೊದಲ ಬರತೈತಿ. ತಗೀಲಿಕ್ಕೆ ಬರತೈತೋ ಇಲ್ಲೋ?"

"ಬರತೈತ್ರಿ ಸರ್. ತಗಿಯೂದಿಲ್ಲ."

ಅವರು ಫೋನ್ ಇಟ್ಟರು.

ಅವರು ತೀರಿಕೊಂಡಾಗ ಸಂತಾಪ ಸಭೆಗೆ ಹೋದೆ. ಶಿಷ್ಯೆ ಎಂದು ಮೈಕಿಗೆ ಕರೆದರು. "ಸರ್ ಕಲಿಸಿದರು. ನಾನು ಕಲಿತೆ" ಎಂದೆ. ಮುಂದೆ ಒಂದಾದರೂ ಒಳ್ಳೆಯ ಮಾತು ಬರಬಹುದೆಂದು ಅವರ ಅಕ್ಕನ ಮಗ ನನ್ನ ಬಾಯನ್ನೇ ನೋಡುತ್ತಿದ್ದ. ಅವನನ್ನು ನೋಡುತ್ತಲೇ ಕೆಳಗಿಳಿದು ಬಂದೆ.